ಅಮ್ಮನ ಕುಕ್ಕರ್‌ನಲ್ಲಿ ರೇಷ್ಮೆ ಅಂಟು ಬೇಯಿಸಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಕುಕ್ಕರ್ ಈಗ ಸರಿಯಾಗಿದೆ. ಹೊಸ ಸೇಫ್ಟಿ ವಾಲ್ವ್, ಹೊಸ ಗ್ಯಾಸ್ಕೆಟ್ ಎರಡೂ ಹಾಕ್ಸಿದೀನಿ, ಅದ್ರಲ್ಲಿ ಬೇಯಿಸಿದ ಬೇಳೆಗೆ ಯಾವ ವಾಸ್ನೆನೂ ಇಲ್ಲ. ಆದ್ರೂ ಅಮ್ಮ ನಂಬ್ತಿಲ್ಲ, ಅದು ಬೇರೆ ವಿಷ್ಯ.

ಇದೆಲ್ಲ ಶುರುವಾಗಿದ್ದು ಅಕ್ಕನಿಂದ. ದೀಪಾವಳಿ ಟೈಮಲ್ಲಿ ಆನ್‌ಲೈನ್‌ನಲ್ಲಿ ಒಂದು ಡಬ್ಬಿ ತರ್ಸಿದ್ಲು, ಒಳಗಡೆ 12 ಬಿಳಿ ರೇಷ್ಮೆ ಗೂಡು, ಒಂದು ತುದಿ ಕತ್ತರಿಸಿರೋದು, ಬಿಸಿನೀರಲ್ಲಿ ನೆನೆಸಿ ಬೆರಳಿಗೆ ಟೋಪಿ ಥರ ಹಾಕ್ಕೊಂಡು ಮುಖಕ್ಕೆ ಉಜ್ಕೋಬೇಕಂತೆ. 350 ರೂಪಾಯಿ. ಅಮ್ಮ ಅದನ್ನ ನೋಡಿ ಒಂದು ನಿಮಿಷ ಸುಮ್ನಿದ್ದು ಆಮೇಲೆ ನಕ್ಕಿದ್ದು ನೋಡ್ಬೇಕಿತ್ತು. ಶಿಡ್ಲಘಟ್ಟದ ಹತ್ರ ಸೋದರಮಾವನ ಮನೇಲಿ ವರ್ಷಕ್ಕೆ ನಾಕೈದು ಬೆಳೆ ಹುಳ ಸಾಕ್ತಾರೆ, ಗೂಡು ಬಿಡಿಸೋ ದಿನ ಹಜಾರದ ತುಂಬ ರಾಶಿ ಬಿದ್ದಿರುತ್ತೆ, ಅಮ್ಮ ಚಿಕ್ಕೋಳಿದ್ದಾಗ ಅದ್ರ ಮೇಲೇ ಮಲಗ್ತಿದ್ರಂತೆ. ಜೊತೆಗೆ ಅಕ್ಕನ ಹತ್ರ ಒಂದು ಸೀರಮ್ ಕೂಡ ಇತ್ತು, 30 ಎಂಎಲ್‌ಗೆ 1200 ರೂಪಾಯಿ, ಮುಂದೆ ದೊಡ್ಡದಾಗಿ ಸಿಲ್ಕ್ ಅಂತ ಬರೆದಿದೆ. ನಾನು ಸುಮ್ನಿರದೆ ಹಿಂದ್ಗಡೆ ತಿರುಗ್ಸಿ ಓದ್ದೆ. ಕಾಸ್ಮೆಟಿಕ್ ಲೇಬಲ್‌ನಲ್ಲಿ ಜಾಸ್ತಿ ಇರೋದು ಮೊದ್ಲು, ಕಡಿಮೆ ಇರೋದು ಆಮೇಲೆ ಬರುತ್ತೆ, 1% ಕೆಳಗಿನವನ್ನ ಮಾತ್ರ ಹೆಂಗ್ ಬೇಕಾದ್ರೂ ಬರೀಬಹುದು. ಇದ್ರಲ್ಲಿ ಹೈಡ್ರೊಲೈಜ್ಡ್ ಸಿಲ್ಕ್ ಅನ್ನೋದು ಫಿನಾಕ್ಸಿಎಥನಾಲ್ ಆದ್ಮೇಲೆ ಕೂತಿದೆ. ಫಿನಾಕ್ಸಿಎಥನಾಲ್ ಅಂದ್ರೆ ಕೆಡದಂಗೆ ಇರಕ್ಕೆ ಹಾಕೋ ಪ್ರಿಸರ್ವೇಟಿವ್, ಅದನ್ನ 1%ಗಿಂತ ಜಾಸ್ತಿ ಹಾಕೋ ಹಾಗಿಲ್ಲ. ಅಂದ್ಮೇಲೆ ರೇಷ್ಮೆ 1% ಕೂಡ ದಾಟಿರಲ್ಲ, ಎಷ್ಟು ಕಡಿಮೆ ಅಂತ ಅವ್ರಿಗೇ ಗೊತ್ತು.

ನಾವಿರೋದು ಬಸವನಗುಡಿ ಕಡೆ, ಟಾಟಾ ಸಿಲ್ಕ್ ಫಾರಂ ಅಂತಾರಲ್ಲ ಅದ್ರ ಪಕ್ಕ. ಜೆಮ್‌ಷೆಟ್‌ಜಿ ಟಾಟಾ ಜಪಾನಿನವ್ರನ್ನ ಕರೆಸಿ ರೇಷ್ಮೆ ಪ್ರಯೋಗ ಮಾಡಿಸಿದ ಜಾಗ, ಈಗ ಅಲ್ಲಿ ರೇಷ್ಮೆನೂ ಇಲ್ಲ ಫಾರಮ್ಮೂ ಇಲ್ಲ, ಬಸ್ ಸ್ಟಾಪ್ ಹೆಸರಲ್ಲಿ ಮಾತ್ರ ಉಳ್ಕೊಂಡಿದೆ. ನೂರು ವರ್ಷದ ಮೇಲೆ ಮತ್ತೆ ಇಲ್ಲಿ ರೇಷ್ಮೆ ಕೆಲ್ಸ ನಡೀಲಿ ಅಂತ ನಾನೇ ಹೊರಟೆ ಅಂತ ಇಟ್ಕೊಳಿ.

ಏನು ತೆಗೀಬೇಕು ಅಂತ ಮೊದ್ಲು ಹೇಳ್ತೀನಿ. ಹುಳ ಬಿಡೋ ಎಳೆ ಒಂದೇ ವಸ್ತು ಅಲ್ಲ. ಒಳಗೆ ಎರಡು ಎಳೆ ಫೈಬ್ರೊಯಿನ್, ಅದೇ ಸೀರೆ ಆಗೋದು, ಅದ್ರ ಮೇಲೆ ಸುತ್ತ ಅಂಟು, ಆ ಅಂಟಿನ ಹೆಸರು ಸೆರಿಸಿನ್. ಗೂಡಿನ ಚಿಪ್ಪಿನ ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಈ ಅಂಟೇ. ಎರಡೂ ಪ್ರೊಟೀನ್, ಆದ್ರೆ ಫೈಬ್ರೊಯಿನ್ ನೀರಿಗೆ ಜಗ್ಗಲ್ಲ, ಸೆರಿಸಿನ್ ಬಿಸಿನೀರಲ್ಲಿ ಕರಗುತ್ತೆ. ಸೆರಿಸಿನ್‌ನಲ್ಲಿ ಮೂರನೇ ಒಂದು ಭಾಗದಷ್ಟು ಸೆರಿನ್ ಅನ್ನೋ ಅಮಿನೋ ಆಸಿಡ್ ಇದೆ, ಅದು ನೀರನ್ನ ಹಿಡ್ಕೊಳ್ಳೋ ಜಾತಿ, ನಮ್ಮ ಚರ್ಮದ ಮೇಲ್ಪದರದಲ್ಲಿ ತೇವ ಹಿಡಿದಿಡೋ ಅಮಿನೋ ಆಸಿಡ್‌ಗಳಲ್ಲೂ ಸೆರಿನ್‌ದೇ ದೊಡ್ಡ ಪಾಲು. ಕ್ರೀಮ್‌ನವ್ರಿಗೆ ಸೆರಿಸಿನ್ ಮೇಲೆ ಕಣ್ಣು ಬಿದ್ದಿದ್ದು ಇದಕ್ಕೇ. ತಮಾಷೆ ಅಂದ್ರೆ ಸೀರೆ ಮಾಡೋವಾಗ ಇದೇ ಅಂಟನ್ನ ಸೋಪು ಸೋಡಾ ಹಾಕಿ ಕುದಿಸಿ ತೆಗೆದು ಚರಂಡಿಗೆ ಬಿಡ್ತಾರೆ, ಆ ನೀರು ಕೊಳೆತು ನಾರುತ್ತೆ, ಅದನ್ನ ಶುದ್ಧ ಮಾಡೋದೇ ದೊಡ್ಡ ತಲೆನೋವು.

ಮಾವನಿಗೆ ಫೋನ್ ಮಾಡ್ದೆ. "ಏನಪ್ಪಾ, ಮುಖಕ್ಕೆ ತಿಕ್ಕೊಳ್ಳಾಕೆ ಗೂಡು ಬೇಕಾ ನಿಂಗೆ?" ಅಂತ ಎರಡು ಸಲ ಕೇಳಿದ್ರು. ಆಮೇಲೆ "ಊಜಿ ಹೊಡೆದಿರೋದು ಒಂದ್ ಚೀಲ ಐತೆ, ತಗೊಂಡೋಗು" ಅಂದ್ರು. ಊಜಿ ನೊಣ ಹುಳದ ಮೇಲೆ ಮೊಟ್ಟೆ ಇಡುತ್ತೆ, ಅದ್ರ ಮರಿ ಹುಳನ ಒಳಗಿಂದ ತಿಂದು ಗೂಡಿಗೆ ತೂತು ಮಾಡ್ಕೊಂಡು ಆಚೆ ಬರುತ್ತೆ, ತೂತು ಬಿದ್ದ ಗೂಡಲ್ಲಿ ಎಳೆ ತುಂಡಾಗಿರುತ್ತಲ್ಲ, ನೂಲು ಬಿಚ್ಚಕ್ಕೆ ಬರಲ್ಲ, ಮಾರ್ಕೆಟ್‌ನಲ್ಲಿ ಬೆಲೆನೂ ಇಲ್ಲ. ನನಗೆ ಎಳೆ ಬೇಡ, ಅಂಟು ಸಾಕು, ಹಂಗಾಗಿ ಒಳ್ಳೇದೇ ಆಯ್ತು. ಜೊತೆಗೆ ಅರ್ಧ ಕೆಜಿ ಒಳ್ಳೆ ಬಿಳಿ ದ್ವಿತಳಿ ಜಾತಿ ಗೂಡೂ ತಂದೆ, ದುಡ್ಡು ತಗೊಳ್ಳಲಿಲ್ಲ. ಎಣಿಸಿದ್ರೆ 300ರ ಹತ್ರ ಬಂತು. ಅಕ್ಕನ ಡಬ್ಬಿ ಲೆಕ್ಕದಲ್ಲಿ ಅದು 8750 ರೂಪಾಯಿ ಮಾಲು!

ಮಾವ ಬಸ್ ಹತ್ತಿಸೋವಾಗ "ಇವತ್ತೇ ಆವಿ ಕೊಡು ಇಲ್ಲ ಒಲೆ ಶಾಖದಲ್ಲಿ ಒಣಗ್ಸು" ಅಂದಿದ್ರು. ನಾನು ಬಾಲ್ಕನಿಯಲ್ಲಿ ಬಟ್ಟೆ ಚೀಲದಲ್ಲಿ ನೇತಾಕಿ ಆಫೀಸ್ ಕೆಲ್ಸದಲ್ಲಿ ಮರೆತೆ. ಆರನೇ ದಿನ ಬೆಳಗ್ಗೆ ಚೀಲ ಅಲ್ಲಾಡ್ತಿದೆ. ಬಿಚ್ಚಿದ್ರೆ ಮೂವತ್ತು ನಲವತ್ತು ಚಿಟ್ಟೆ, ಬಿಳೀದು, ದಪ್ಪ ಹೊಟ್ಟೆ, ಹಾರಕ್ಕೆ ಬರಲ್ಲ ರೆಕ್ಕೆ ಮಾತ್ರ ಪಟಪಟ ಅನ್ಸ್ತವೆ, ಆಗ್ಲೇ ಜೋಡಿ ಕಟ್ಕೊಂಡು ಚೀಲದ ಒಳಮೈಗೆ ಹಳದಿ ಮೊಟ್ಟೆ ಸಾಲಾಗಿ ಅಂಟ್ಸ್ತಾ ಇವೆ. "ಮನೇಲಿ ಒಬ್ಬಳ ಮದುವೆ ಮಾಡಕ್ಕಾಗಿಲ್ಲ, ಇಲ್ಲಿ ಸಾಮೂಹಿಕ ವಿವಾಹ ಮಾಡ್ಸಿದೀಯ" ಅಂದ್ರು ಅಮ್ಮ, ಅಕ್ಕ ಎದ್ದು ಹೋದ್ಲು.

ಆದ್ರೆ ಆ ಖಾಲಿ ಗೂಡುಗಳನ್ನ ನೋಡಿದ್ರಿಂದ ಒಂದು ವಿಷ್ಯ ಗೊತ್ತಾಯ್ತು. ಚಿಟ್ಟೆ ಗೂಡನ್ನ ಕಚ್ಚಿ ಹರಿಯಲ್ಲ, ಅದಕ್ಕೆ ಹಲ್ಲೇ ಇಲ್ಲ. ಬಾಯಿಂದ ಕೊಕೂನೇಸ್ ಅನ್ನೋ ಎನ್‌ಜೈಮ್ ಬಿಡುತ್ತೆ, ಅದು ಸೆರಿಸಿನ್ನನ್ನ ಮಾತ್ರ ಕರಗಿಸುತ್ತೆ, ಅಂಟು ಹೋದ್ಮೇಲೆ ಎಳೆಗಳು ಸಡಿಲ ಆಗಿ ತಲೆ ತೂರಿಸ್ಕೊಂಡು ಆಚೆ. ತೂತಿನ ಅಂಚು ಮುಟ್ಟಿದ್ರೆ ಹತ್ತಿ ಥರ ಮೆತ್ತಗೆ, ಅದೇ ಗೂಡಿನ ಬೇರೆ ಕಡೆ ಅಟ್ಟೆ ಥರ ಗಟ್ಟಿ. ನಾನು ಕುಕ್ಕರ್‌ನಲ್ಲಿ ಮಾಡಬೇಕು ಅಂತಿದ್ದ ಕೆಲಸಾನ ಚಿಟ್ಟೆ ಎಂಜಲಲ್ಲೇ ಮುಗಿಸಿತ್ತು.

ಉಳಿದ ಗೂಡನ್ನ ಅವತ್ತೇ ಬ್ಲೇಡ್‌ನಲ್ಲಿ ಕತ್ತರಿಸಿ ಒಳಗಿನ ಕೋಶ, ಅಂದ್ರೆ ಇನ್ನೂ ಚಿಟ್ಟೆ ಆಗದ ಹುಳ, ಬೇರೆ ಮಾಡ್ದೆ. ಅರ್ಧ ಕೆಜಿ ಗೂಡಲ್ಲಿ ಚಿಪ್ಪಿನ ತೂಕ ಐದನೇ ಒಂದು ಭಾಗ ಅಷ್ಟೆ, ಮಿಕ್ಕಿದ್ದೆಲ್ಲ ಕೋಶ. ಕೋಶದ ಎಣ್ಣೆನೂ ಸೋಪು ಕ್ರೀಮಿಗೆ ಹಾಕ್ತಾರೆ, ಅಗಸೆ ಎಣ್ಣೆಯಲ್ಲಿರೋ ಅದೇ ಒಮೆಗಾ 3 ಇದ್ರಲ್ಲೂ ಚೆನ್ನಾಗಿದೆ, ಆದ್ರೆ ಅದು ಬೇಗ ಕಮಟು ಹಿಡಿಯುತ್ತೆ, ಮೇಲಾಗಿ ಆ ವಾಸ್ನೆ ಅಪಾರ್ಟ್‌ಮೆಂಟ್‌ನಲ್ಲಿ ಇಟ್ಕೊಳ್ಳೋ ಅಂಥದ್ದಲ್ಲ. ಬಿಟ್ಟೆ. ಒಣಗಿಸಿ ಮಾವನ ಮನೆ ಕೋಳಿಗೆ ಕಳಿಸಿದ್ದಾಯ್ತು.

ಬ್ಯಾಚ್ 1, ತೆರೆದ ಪಾತ್ರೆ. 20 ಗ್ರಾಂ ಚಿಪ್ಪು ಸಣ್ಣಗೆ ಕತ್ತರಿಸಿ 600 ಎಂಎಲ್ ನೀರಲ್ಲಿ ಒಂದು ಗಂಟೆ ಕುದಿಸಿದೆ. ತೆಗೆದು ಒಣಗಿಸಿ ತೂಗಿದ್ರೆ 18.3 ಗ್ರಾಂ. ತೂಕಕ್ಕೆ ಚಿನ್ನದಂಗಡಿಯವ್ರ ಥರದ ಪುಟ್ಟ ಡಿಜಿಟಲ್ ತಕ್ಕಡಿ ಎಸ್‌ಪಿ ರೋಡಲ್ಲಿ ತಗೊಂಡಿದ್ದೆ, ಇದಿಲ್ದೆ ಈ ಕೆಲ್ಸಕ್ಕೆ ಕೈ ಹಾಕ್ಬೇಡಿ. ಅಂದ್ರೆ ಹೋಗಿದ್ದು 8.5%, ಹೊರಗಿನ ಪದರದ ಸಲೀಸಾದ ಅಂಟು ಅಷ್ಟೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ, ಎಷ್ಟು ಉರಿ ಕೊಟ್ರೂ ಅದ್ರ ಮೇಲೆ ಹೋಗಲ್ಲ. ಒಳಪದರದ ಸೆರಿಸಿನ್ ಬಿಡ್ಬೇಕು ಅಂದ್ರೆ 120 ಡಿಗ್ರಿ ಬೇಕು. ಲ್ಯಾಬ್‌ನಲ್ಲಾದ್ರೆ ಆಟೋಕ್ಲೇವ್, ಮನೇಲಿ ಕುಕ್ಕರ್. ಸೋಡಾ ಹಾಕಿ ಕುದಿಸಿದ್ರೆ ಬೇಗ ಆಗುತ್ತೆ, ಆದ್ರೆ ಆ ಉಪ್ಪೆಲ್ಲ ಸಾರದಲ್ಲೇ ಉಳಿಯುತ್ತೆ, ಮುಖಕ್ಕೆ ಹಾಕೋದಕ್ಕೆ ಅದು ಬೇಡ ಅನ್ನಿಸ್ತು.

ಬ್ಯಾಚ್ 2. ಇದೇ ಕುಕ್ಕರ್ ಕತೆ. ಅಮ್ಮ ಮದುವೆಗೆ ಅಂತ ಮೈಸೂರಿಗೆ ಹೋಗಿದ್ರು. ಕತ್ತರಿಸಿದ ಚಿಪ್ಪನ್ನ ಹಂಗೇ ಬಿಡಿಯಾಗಿ ನೀರಿಗೆ ಹಾಕಿ ಮುಚ್ಚಳ ಹಾಕಿ ವೆಯ್ಟ್ ಇಟ್ಟೆ. ಮೊದಲ್ನೇ ಸೀಟಿ ಬಂತು, ಉರಿ ಸಣ್ಣ ಮಾಡಿ ಲ್ಯಾಪ್‌ಟಾಪ್ ಮುಂದೆ ಕೂತೆ, ಕಾಲು ಗಂಟೆ ಆದ್ರೂ ಇನ್ನೊಂದು ಸೀಟಿ ಇಲ್ಲ, ಉರಿ ಕಡಿಮೆ ಆಯ್ತೇನೋ ಅಂತ ಮತ್ತೆ ಜೋರು ಮಾಡ್ದೆ, ಇದೇ ನಾನು ಮಾಡಿದ ದೊಡ್ಡ ದಡ್ಡ ಕೆಲ್ಸ. ಐದು ನಿಮಿಷಕ್ಕೆ ಸೇಫ್ಟಿ ವಾಲ್ವ್ ಕಿತ್ಕೊಂಡು ಹೋಗಿ ಸುಂಯ್ ಅಂತ ಹಳದಿ ನೀರು ಸೀಲಿಂಗ್‌ವರೆಗೂ ಹೊಡೀತು. ನಾನು ಆಚೆ ರೂಮಲ್ಲಿದ್ದೆ, ದೇವರು ದೊಡ್ಡವನು. ಗ್ಯಾಸ್ ಆಫ್ ಮಾಡಿ ಅರ್ಧ ಗಂಟೆ ಹತ್ರ ಹೋಗಲಿಲ್ಲ.

ಆರಿದ ಮೇಲೆ ಮುಚ್ಚಳ ತೆಗೆದು ವೆಯ್ಟ್ ಕೂರೋ ವೆಂಟ್ ಪೈಪ್ ಬೆಳಕಿಗೆ ಹಿಡಿದು ನೋಡಿದ್ರೆ ತೂತು ಕಾಣ್ತಿಲ್ಲ. ಸೂಜಿ ಹಾಕಿ ಎಳೆದೆ, ಒಂದು ಎಳೆ ಬಂತು, ಎಳೀತಾ ಹೋದೆ, ಬರ್ತಾನೇ ಇತ್ತು, ಅರ್ಧ ಮೀಟರ್‌ಗೂ ಜಾಸ್ತಿ, ಒದ್ದೆ ಒದ್ದೆ, ಆದ್ರೂ ಟ್ಯೂಬ್‌ಲೈಟಲ್ಲಿ ಫಳಫಳ ಅಂತಿತ್ತು, ಅದ್ರ ಹಿಂದೆ ಒಂದು ಪುಟ್ಟ ಹತ್ತಿ ಉಂಡೆ. ಅಂಟು ಕರಗಿದ ಮೇಲೆ ಗೂಡು ಎಳೆ ಬಿಡದೆ ಇನ್ನೇನು ಮಾಡುತ್ತೆ, ಅದಕ್ಕೇ ತಾನೇ ನೂಲು ಬಿಚ್ಚೋವಾಗ ಮೊದ್ಲು ಬೇಯಿಸೋದು. ಇಷ್ಟು ಗೊತ್ತಿದ್ದೂ ಮಂಕು ಬಡಿದಿತ್ತು. ಟೈಲ್ಸ್ ಮೇಲೆ ಚಿಮ್ಮಿದ್ದು ಒಣಗಿ ಗೋಂದು ಆಗಿತ್ತು, ಉಗುರಲ್ಲಿ ಕೆರೆದ್ರೂ ಬರಲ್ಲ, ಬಿಸಿನೀರ ಬಟ್ಟೆ ಹಾಕಿ ಹತ್ತು ನಿಮಿಷ ಬಿಟ್ರೆ ಮಾತ್ರ ಬಿಡ್ತು. ಗಾಂಧಿ ಬಜಾರಲ್ಲಿ ಕುಕ್ಕರ್ ರಿಪೇರಿಯವ್ರ ಹತ್ರ ಹೋದೆ, ಬಿಸಿ ಜಾಸ್ತಿ ಆದ್ರೆ ಕರಗೋ ಲೋಹದ ಮುಚ್ಚು ಇರೋ ಹಳೇ ಥರದ ವಾಲ್ವ್ ಹಾಕಿ ಟೈಟ್ ಮಾಡಿ, ಗ್ಯಾಸ್ಕೆಟ್ ಕೂಡ ಸಡಿಲ ಆಗಿದೆ ಅಂತ ಬದಲಾಯ್ಸಿ, ನೀರು ಹಾಕಿ ಮೂರು ಸೀಟಿ ಹೊಡೆಸಿ ತೋರಿಸಿದ್ರು. "ಅಕ್ಕಿ, ಬೇಳೆ ಸಿಪ್ಪೆ, ಟೊಮೇಟೊ ಎಲ್ಲ ಸಿಕ್ಕಿರೋದು ನೋಡಿದೀನಿ ಸಾರ್, ರೇಷ್ಮೆ ಇದೇ ಫಸ್ಟು" ಅಂದ್ರು.

ಅಲ್ಲಿಂದ ಮುಂದೆ ನಿಯಮ: ಚಿಪ್ಪು ಯಾವತ್ತೂ ಬಟ್ಟೆ ಗಂಟಲ್ಲಿ, ಅಪ್ಪನ ಹಳೇ ಪಂಚೆ ತುಂಡು ಸಾಕು, ಆ ಗಂಟನ್ನ ಒಂದು ಸ್ಟೀಲ್ ಡಬ್ಬಿಯಲ್ಲಿ ನೀರು ಹಾಕಿ ಇಟ್ಟು ಮೇಲೆ ತಟ್ಟೆ ಮುಚ್ಚಿ, ಆ ಡಬ್ಬಿನ ಕುಕ್ಕರ್ ಒಳಗೆ ಇಡ್ಲಿ ಬೇಯಿಸೋ ಥರ ಇಡೋದು. ಕುಕ್ಕರ್ ನೀರಿಗೂ ರೇಷ್ಮೆಗೂ ಸಂಬಂಧನೇ ಇಲ್ಲ. ಸೀಟಿ ನಿಂತ್ರೆ ಉರಿ ಜಾಸ್ತಿ ಮಾಡೋದಲ್ಲ, ಆಫ್ ಮಾಡೋದು.

ಬ್ಯಾಚ್ 3 ಹೀಗೆ ಮಾಡ್ದೆ. ಪ್ರೆಷರ್ ಬಂದ ಮೇಲೆ 45 ನಿಮಿಷ. ಒಣಗಿಸಿದ ಚಿಪ್ಪು 15.7 ಗ್ರಾಂ, ಅಂದ್ರೆ 4.3 ಗ್ರಾಂ ನೀರಿಗೆ ಬಂದಿದೆ. ಅಷ್ಟೂ ಸೆರಿಸಿನ್ನೇ ಅಲ್ಲ, ಅದ್ರಲ್ಲಿ ಸ್ವಲ್ಪ ಮೇಣ, ಬಣ್ಣ ಎಲ್ಲ ಇರುತ್ತೆ. ಕಾಫಿ ಫಿಲ್ಟರ್ ಪೇಪರಲ್ಲಿ ಸೋಸಿದ್ರೆ ತೆಳು ಟೀ ಬಣ್ಣದ ನೀರು, ಬೇಯಿಸಿದ ಅವರೆಕಾಳು ಕಟ್ಟಿನ ಥರ ಒಂದು ವಾಸ್ನೆ, ಬೆರಳಲ್ಲಿ ಮುಟ್ಟಿದ್ರೆ ಜಾರುತ್ತೆ, ಎರಡು ಬೆರಳು ಸೇರಿಸಿ ಹತ್ತು ಸೆಕೆಂಡ್ ಬಿಟ್ರೆ ಅಂಟುತ್ತೆ. ಪ್ರೊಟೀನ್ ಇದೆಯಾ ಅಂತ ಪಿಯುಸಿ ಲ್ಯಾಬ್ ನೆನಪು ಮಾಡ್ಕೊಂಡು ಬೈಯುರೆಟ್ ಟೆಸ್ಟ್ ಮಾಡ್ದೆ: ಗೊಬ್ಬರದಂಗಡಿಯಿಂದ ಮೈಲುತುತ್ತ, ಸೋಪ್ ಸಾಮಾನಿನ ಅಂಗಡಿಯಿಂದ ಕಾಸ್ಟಿಕ್ ಸೋಡಾ, ಎರಡು ಗಾಜಿನ ಲೋಟ. ಬರೀ ನೀರಿನ ಲೋಟ ನೀಲಿನೇ ಉಳೀತು, ರೇಷ್ಮೆ ನೀರಿನ ಲೋಟ ನೇರಳೆ ಹಣ್ಣಿನ ರಸ ಬಿದ್ದಂಗೆ ನಿಧಾನಕ್ಕೆ ನೇರಳೆ ಆಯ್ತು. ಹಿಪ್ಪುನೇರಳೆ ಸೊಪ್ಪು ತಿಂದ ಹುಳ ಕೊನೆಗೆ ನೇರಳೆ ಬಣ್ಣಕ್ಕೇ ಬಂತಲ್ಲ ಅಂತ ಖುಷಿ ಆಯ್ತು. ಮೈಲುತುತ್ತ ವಿಷ, ಕಾಸ್ಟಿಕ್ ಸುಡುತ್ತೆ, ಆ ಎರಡು ಲೋಟ ಮತ್ತೆ ಅಡುಗೆಮನೆಗೆ ಬರಲಿಲ್ಲ.

ಖುಷಿಯಲ್ಲಿ ಇನ್ನೂ ಗಟ್ಟಿ ಮಾಡೋಣ ಅಂತ ಕುದಿಸಿ 200 ಎಂಎಲ್‌ಗೆ ಇಳಿಸಿ ಫ್ರಿಜ್‌ನಲ್ಲಿಟ್ಟೆ. ಬೆಳಗ್ಗೆ ಬಾಟ್ಲಿ ತಲೆಕೆಳಗೆ ಮಾಡಿದ್ರೆ ಒಂದು ಹನಿ ಬೀಳಲ್ಲ, ಪೂರ್ತಿ ಚೈನಾಗ್ರಾಸ್. ಸೆರಿಸಿನ್ ಸ್ವಭಾವನೇ ಅದು, ಉದ್ದುದ್ದ ಸರಪಣಿ, ತಣ್ಣಗಾದ್ರೆ ಒಂದಕ್ಕೊಂದು ಹೆಣ್ಕೊಂಡು ಜೆಲ್ ಆಗುತ್ತೆ, 60 ಡಿಗ್ರಿಗೆ ಬಿಸಿ ಮಾಡಿದ್ರೆ ಮತ್ತೆ ನೀರು. ಅಕ್ಕ "ಇದೇ ಚೆನ್ನಾಗಿದೆ, ಜೆಲ್ ಅಂತ ಮಾರ್ಬಹುದು" ಅಂದ್ಲು, ಆದ್ರೆ ಮುಖಕ್ಕೆ ಹಚ್ಚಿದ್ರೆ ತುಣುಕು ತುಣುಕಾಗಿ ಉದುರುತ್ತೆ, ಇಡ್ಲಿ ಹಿಟ್ಟು ಒಣಗಿದಂಗೆ.

ಬ್ಯಾಚ್ 4 ಹಾಳಾಗಿದ್ದು ಎರಡು ಸಲ, ಬೇರೆ ಬೇರೆ ಕಾರಣಕ್ಕೆ. ಅರ್ಧ ಭಾಗಕ್ಕೆ ಪಿಎಚ್, ಅಂದ್ರೆ ಹುಳಿ ಕ್ಷಾರದ ಅಳತೆ, ಸರಿ ಮಾಡಕ್ಕೆ ಸಿಟ್ರಿಕ್ ಆಸಿಡ್ ಹಾಕ್ದೆ. ಚರ್ಮದ ಪಿಎಚ್ 5ರ ಆಸುಪಾಸು, ನನ್ನ ನೀರು 7ರ ಮೇಲಿತ್ತು, ಬೋರ್‌ವೆಲ್ ನೀರು ಉಪಯೋಗಿಸಿದ್ದೆ ಅದಕ್ಕೇ. ಚಿಟಿಕೆ ಹಾಕೋ ಬದ್ಲು ಕಾಲು ಚಮಚ ಬಿತ್ತು. ಕಣ್ಣೆದುರಿಗೇ ನೀರು ಬೆಳ್ಳಗಾಗಿ ಚೂರು ಚೂರಾಗಿ ಕೆಳಗೆ ಕೂತ್ಕೊಳ್ತು. ಹಾಲಿಗೆ ನಿಂಬೆಹುಳಿ ಹಿಂಡಿದಂಗೆ ಅಂದ್ರೆ ಹೋಲಿಕೆ ಅಲ್ಲ, ನಡೆಯೋದು ಅದೇ. ಪ್ರತಿ ಪ್ರೊಟೀನಿಗೂ ಒಂದು ಪಿಎಚ್‌ನಲ್ಲಿ ಒಟ್ಟು ವಿದ್ಯುತ್ ಚಾರ್ಜು ಸೊನ್ನೆ ಆಗುತ್ತೆ, ಆಗ ಒಂದನ್ನೊಂದು ದೂರ ತಳ್ಳೋದು ನಿಲ್ಲಿಸಿ ಗುಂಪು ಕಟ್ಟಿ ಮುಳುಗ್ತವೆ. ಹಾಲಿನ ಕೇಸಿನ್‌ಗೆ ಅದು 4.6, ಸೆರಿಸಿನ್‌ಗೆ 4ರ ಹತ್ರ. ಅಂದ್ರೆ 5.5ಕ್ಕೆ ನಿಲ್ಲಿಸಬೇಕು, 4ರ ಕಡೆ ತಲೆ ಹಾಕ್ಬಾರ್ದು. ಅವತ್ತಿಂದ ಸಿಟ್ರಿಕ್ ಆಸಿಡನ್ನ ನೀರಲ್ಲಿ ಕರಗಿಸಿ ಡ್ರಾಪರಲ್ಲಿ ಒಂದೊಂದೇ ಹನಿ ಹಾಕೋದು, ಪಿಎಚ್ ಪಟ್ಟಿ ಅದ್ದೋದು, ಮತ್ತೆ ಹನಿ.

ಇನ್ನರ್ಧ ಭಾಗ ಚೆನ್ನಾಗಿತ್ತು. ಅಕ್ಕ "ಕೆಮಿಕಲ್ ಹಾಕ್ಬೇಡ, ನ್ಯಾಚುರಲ್ ಇರ್ಲಿ" ಅಂದಿದ್ದಕ್ಕೆ ಪ್ರಿಸರ್ವೇಟಿವ್ ಹಾಕದೆ ಬಾತ್‌ರೂಮ್ ಕಪಾಟಲ್ಲಿಟ್ಟೆ. ಐದನೇ ದಿನ ಮುಚ್ಚಳ ತೆಗೆದ್ರೆ ಸತ್ತ ಇಲಿ ವಾಸ್ನೆ. ಮೇಲೆ ಲೋಳೆ ಲೋಳೆ ದಾರ. ನೀರು, ಪ್ರೊಟೀನ್, ಬೆಚ್ಚಗಿನ ಜಾಗ, ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆ ಊಟ ಯಾರು ಹಾಕ್ತಾರೆ? ಮನೇಲಿ ಮಾಡೋರು ದಯವಿಟ್ಟು ಈ ನ್ಯಾಚುರಲ್ ಹುಚ್ಚು ಬಿಡಿ, ಕಣ್ಣಿಗೆ ಕಾಣೋಷ್ಟು ಕೆಡೋ ಮೊದ್ಲೇ ಅದ್ರಲ್ಲಿ ಲಕ್ಷಾಂತರ ಬೆಳೆದಿರ್ತವೆ, ಅದನ್ನ ಮೊಡವೆ ಒಡೆದ ಮುಖಕ್ಕೆ ಹಚ್ಕೊಂಡ್ರೆ ಡಾಕ್ಟರ್ ಫೀಸು ಸೀರಮ್‌ಗಿಂತ ಜಾಸ್ತಿ ಆಗುತ್ತೆ.

ಬ್ಯಾಚ್ 5, ಇದು ನಿಂತಿದ್ದು. ಈ ಸಲ 90 ನಿಮಿಷ ಬೇಯಿಸಿದೆ. ಜಾಸ್ತಿ ಹೊತ್ತು ಬೆಂದಷ್ಟೂ ಸೆರಿಸಿನ್ ಸರಪಣಿ ತುಂಡಾಗ್ತಾ ಹೋಗುತ್ತೆ, ಚಿಕ್ಕ ತುಂಡು ಅಷ್ಟು ಸುಲಭಕ್ಕೆ ಹೆಣ್ಕೊಳ್ಳಲ್ಲ, ಜೆಲ್ ಆಗೋದು ಕಡಿಮೆ. ಲೇಬಲ್ ಮೇಲಿನ ಹೈಡ್ರೊಲೈಜ್ಡ್ ಅನ್ನೋ ಪದದ ಅರ್ಥನೂ ಇಷ್ಟೇ, ತುಂಡು ಮಾಡಿರೋದು. ಇನ್ನೂ ಪುಡಿಪುಡಿ ಮಾಡಿದ್ರೆ ಸಿಲ್ಕ್ ಅಮಿನೋ ಆಸಿಡ್ಸ್ ಅಂತ ಹೆಸರು. ಬಣ್ಣ ಮಾತ್ರ ಗಾಢ ಆಯ್ತು, ಬಿಳಿ ಗೂಡಾದ್ರೂ. ಊಜಿ ಚೀಲದಲ್ಲಿದ್ದ ಹಳದಿ ಮಿಶ್ರತಳಿ ಗೂಡಲ್ಲಿ ಒಂದು ಸಲ ಮಾಡಿದ್ದಕ್ಕೆ ಅರಿಶಿನ ನೀರೇ ಬಂತು, ಯಾಕಂದ್ರೆ ಆ ಹಳದಿ ಬಣ್ಣ ಹೆಚ್ಚಾಗಿ ಇರೋದೇ ಅಂಟಿನ ಪದರದಲ್ಲಿ, ಅದಕ್ಕೇ ಹಳದಿ ಗೂಡಿನ ರೇಷ್ಮೆನೂ ಅಂಟು ತೆಗೆದ್ರೆ ಬೆಳ್ಳಗಾಗುತ್ತೆ.

20 ಗ್ರಾಂ ಚಿಪ್ಪಲ್ಲಿ 5.1 ಗ್ರಾಂ ಹೋಗಿತ್ತು, ಸೋಸಿ 255 ಎಂಎಲ್ ಮಾಡ್ದೆ, 2% ದ್ರಾವಣ. ಈ ಸಲ ಕೆಮಿಕಲ್ ಅಂಗಡಿಯ ಡಿಸ್ಟಿಲ್ಡ್ ವಾಟರ್. ಸೀರಮ್ 100 ಗ್ರಾಮಿಗೆ ಈ ರೇಷ್ಮೆ ನೀರು 50, ಡಿಸ್ಟಿಲ್ಡ್ ನೀರು 44.7, ಗ್ಲಿಸರಿನ್ 4, ಮಂದ ಆಗಕ್ಕೆ ಹಾಕೋ ಕ್ಸಾಂಥನ್ ಗಮ್ 0.3, ಫಿನಾಕ್ಸಿಎಥನಾಲ್ ಮತ್ತು ಎಥಿಲ್‌ಹೆಕ್ಸಿಲ್‌ಗ್ಲಿಸರಿನ್ ಸೇರಿರೋ ಪ್ರಿಸರ್ವೇಟಿವ್ 1. ಇವೆಲ್ಲ ಚಿಕ್ಕಪೇಟೆ ಒಳಗೆ ಸೆಂಟು, ಸೋಪ್ ಸಾಮಾನು ಮಾರೋ ಗಲ್ಲಿಯಲ್ಲಿ ಸಿಕ್ತು. ಕ್ಸಾಂಥನ್‌ನ ನೇರ ನೀರಿಗೆ ಹಾಕಿದ್ರೆ ಗಂಟು ಗಂಟು, ಮೊದ್ಲು ಗ್ಲಿಸರಿನ್‌ನಲ್ಲಿ ಕಲಸಿ ಆಮೇಲೆ ನೀರು ಸುರೀಬೇಕು, ರವೆನ ತುಪ್ಪದಲ್ಲಿ ಹುರಿದು ಆಮೇಲೆ ನೀರು ಹಾಕೋ ಹಂಗೆ. ಬಿಸಿ 40 ಡಿಗ್ರಿಗೆ ಇಳಿದ ಮೇಲೆ ಪ್ರಿಸರ್ವೇಟಿವ್, ಕೊನೆಗೆ ಪಿಎಚ್ 5.5. ಬಾಟ್ಲಿ ಮೊದ್ಲೇ ಕುದಿಸಿಟ್ಟಿದ್ದು. ಎರಡು ತಿಂಗಳಾಯ್ತು, ಜೆಲ್ ಆಗಿಲ್ಲ, ನಾತ ಇಲ್ಲ, ತಳದಲ್ಲಿ ಸ್ವಲ್ಪ ಮಡ್ಡಿ ಇದೆ, ಅಲ್ಲಾಡಿಸಿದ್ರೆ ಹೋಗುತ್ತೆ.

ಹಚ್ಚೋ ಮೊದ್ಲು ಮೊಣಕೈ ಒಳಭಾಗಕ್ಕೆ ಎರಡು ದಿನ ಟೆಸ್ಟ್ ಮಾಡಿದ್ವಿ. ರೇಷ್ಮೆ ಪ್ರೊಟೀನ್ ಕೆಲವ್ರಿಗೆ ಅಲರ್ಜಿ ಆಗುತ್ತೆ, ನೂಲು ಬಿಚ್ಚೋ ಜನಕ್ಕೆ ಉಬ್ಬಸ ಬರೋದಕ್ಕೆ ಅದೂ ಒಂದು ಕಾರಣ. ಹಾಗಾಗಿ ಇದನ್ನ ಹಗುರವಾಗಿ ತಗೋಬೇಡಿ.

ಕೆಲ್ಸ ಮಾಡುತ್ತಾ? ಸ್ಟೀಲ್ ತಟ್ಟೆ ಮೇಲೆ ರೇಷ್ಮೆ ನೀರು ಹತ್ತು ಹನಿ ಹರಡಿ ಫ್ಯಾನ್ ಕೆಳಗಿಟ್ಟೆ. ಅರ್ಧ ಗಂಟೆಗೆ ಒಣಗಿ ನೇಲ್ ಪಾಲಿಶ್ ಥರ ತೆಳು ಪೊರೆ, ಅಂಚಲ್ಲಿ ಉಗುರು ಹಾಕಿದ್ರೆ ಗಾಜಿನ ಕಾಗದದಂಗೆ ಎದ್ದು ಬಂತು, ಮಡಚಿದ್ರೆ ಚಟ್ ಅಂತ ಮುರೀತು. ಮುಖದ ಮೇಲೂ ಇದೇ ಪೊರೆ ಆಗೋದು, ಅದಕ್ಕೇ ಹಚ್ಚಿ ಐದು ನಿಮಿಷಕ್ಕೆ ಚರ್ಮ ಬಿಗಿ ಅನ್ಸುತ್ತೆ, ದುಬಾರಿ ಸೀರಮ್‌ನವ್ರು ಇನ್‌ಸ್ಟಂಟ್ ಲಿಫ್ಟ್ ಅಂತ ಮಾರೋದೂ ಇಂಥದ್ದೇ ಪೊರೆ. ಮುಖ ತೊಳೆದ್ರೆ ಬಿಗಿನೂ ಹೋಯ್ತು. ಪೊರೆ ಇರೋವಷ್ಟು ಹೊತ್ತು ನೀರು ಆರೋದು ನಿಧಾನ ಆಗುತ್ತೆ, ಅದು ನಿಜವಾದ ಲಾಭ, ಸುಕ್ಕು ಅಳಿಸಿಹಾಕುತ್ತೆ ಅನ್ನೋದೆಲ್ಲ ನಾನಂತೂ ಹೇಳಲ್ಲ. ಅಕ್ಕನ ಎರಡು ಮುಂಗೈಗೆ ಎರಡು ಬಾಟ್ಲಿ ಕೊಟ್ಟಿದ್ದೆ, ಅ ಮತ್ತು ಆ ಅಂತ ಬರೆದು, ಒಂದರಲ್ಲಿ ರೇಷ್ಮೆ ಇಲ್ಲ ಬರೀ ಗ್ಲಿಸರಿನ್, ಯಾವುದು ಅಂತ ಹೇಳಿರಲಿಲ್ಲ. ಏಳು ದಿನದಲ್ಲಿ ಐದು ದಿನ ರೇಷ್ಮೆ ಇರೋದೇ ಚೆನ್ನಾಗಿದೆ ಅಂದ್ಲು, ಎರಡು ದಿನ ಎರಡೂ ಒಂದೇ ಅಂದ್ಲು. ಒಬ್ಬಳ ಮೇಲೆ ಮಾಡಿದ್ದು, ಅದನ್ನೇ ದೊಡ್ಡ ಪುರಾವೆ ಅಂತ ಹೇಳಕ್ಕಾಗಲ್ಲ, ಆದ್ರೆ ಗ್ಲಿಸರಿನ್ ಕೆಜಿಗೆ ಎಷ್ಟು ಅಗ್ಗ ಅಂತ ನೆನೆಸ್ಕೊಂಡ್ರೆ 1200 ರೂಪಾಯಿ ಬಾಟ್ಲಿ ಬಗ್ಗೆ ಸಿಟ್ಟು ಬರೋದು ಸಹಜ. ಆಫೀಸಲ್ಲಿ ನಾಕು ಜನ ಮಾಡಿಕೊಡು ದುಡ್ಡು ಕೊಡ್ತೀವಿ ಅಂದ್ರು, ಇಲ್ಲ ಅಂದೆ, ಮಾರ್ಬೇಕು ಅಂದ್ರೆ ಕಾಸ್ಮೆಟಿಕ್ಸ್ ರೂಲ್ಸ್ 2020ರ ಪ್ರಕಾರ ತಯಾರಿಕೆ ಲೈಸೆನ್ಸ್ ಬೇಕು, ಅಮ್ಮನ ಅಡುಗೆಮನೆಗೆ ಅದು ಸಿಗಲ್ಲ.

ಯುಗಾದಿಗೆ ಊರಿಗೆ ಹೋದಾಗ ಒಂದು ಬಾಟ್ಲಿ ಅತ್ತೆಗೆ ತಗೊಂಡು ಹೋದೆ. ಅತ್ತೆ ಮೊದ್ಲು ನೂಲು ಬಿಚ್ಚೋ ಕಡೆ, ಫಿಲೇಚರ್ ಅಂತಾರಲ್ಲ ಅಲ್ಲಿಗೆ, ಕೆಲ್ಸಕ್ಕೆ ಹೋಗ್ತಿದ್ರು, ತುಂಬ ವರ್ಷ. ಈ ಸೆರಿಸಿನ್ ಜಾಹೀರಾತಲ್ಲೆಲ್ಲ ಒಂದು ಕತೆ ಬರುತ್ತೆ, ಜಪಾನಲ್ಲಿ ರೇಷ್ಮೆ ಬಿಚ್ಚೋ ಹೆಂಗಸರ ಕೈ ಮುದುಕಿಯಾದ್ರೂ ಮಗು ಕೈ ಥರ ಮೆತ್ತಗಿರುತ್ತಂತೆ, ಅದನ್ನ ನೋಡಿ ಕಂಡುಹಿಡಿದಿದ್ದಂತೆ. ನಾನೂ ಆ ಕತೆನ ಅತ್ತೆಗೆ ಹೇಳ್ದೆ. ಅತ್ತೆ ಏನೂ ಮಾತಾಡದೆ ಎರಡೂ ಕೈ ಮುಂದೆ ಚಾಚಿದ್ರು. ಬೆರಳ ತುದಿಯಲ್ಲಿ ಗೆರೆನೇ ಸವೆದುಹೋಗಿದೆ, ಉಗುರಿನ ಪಕ್ಕ ಹಳೇ ಸೀಳು ಗಟ್ಟಿಯಾಗಿ ಕಪ್ಪಾಗಿದೆ. "ಬೆಳಗ್ಗಿಂದ ಸಂಜೆಗಂಟ ಬಿಸ್ನೀರಾಗೆ ಕೈ ಇಟ್ಕೊಂಡ್ರೆ ಮೆತ್ತಗಾಗ್ದೆ ಏನಾಯ್ತದೆ, ಬೆಂದೋಗ್ತದೆ. ರಾತ್ರಿ ಸಾರನ್ನ ಕಲಸೋಕೆ ಆಯ್ತಿರ್ಲಿಲ್ಲ, ಉರಿ. ಚಮಚದಾಗೆ ತಿಂತಿದ್ವಿ" ಅಂದ್ರು. ನಂಗೆ ಬಾಟ್ಲಿ ಎಲ್ಲಿ ಬಚ್ಚಿಡೋದು ಅನ್ನೋ ಥರ ಆಯ್ತು. ಅಂಟು ಅದೇ, ನೀರೂ ಅದೇ, 1% ಮುಖಕ್ಕೆ ಹಚ್ಕೊಂಡು ಬಿಡೋದು ಬೇರೆ, ಕುದಿಯೋ ಪಾತ್ರೆಯಿಂದ ಬಂದ ಗೂಡಿನ ಎಳೆ ಹುಡುಕ್ತಾ ದಿನಕ್ಕೆ ಎಂಟು ಹತ್ತು ಗಂಟೆ ಆ ನೀರಲ್ಲಿ ಕೈ ಆಡಿಸೋದು ಬೇರೆ.

ಆದ್ರೂ ಅತ್ತೆ ಬಾಟ್ಲಿ ಇಸ್ಕೊಂಡ್ರು. ಮೂಸಿ ನೋಡಿ "ಫಿಲೇಚರ್ ವಾಸ್ನೆ ಐತಲ್ಲೋ ಇದ್ರಾಗೆ" ಅಂದ್ರು, ಅಷ್ಟು ಸೋಸಿದ್ರೂ ಅವ್ರ ಮೂಗಿಗೆ ಸಿಕ್ಬಿಡ್ತು. ಹದಿನೈದು ದಿನ ಬಿಟ್ಟು ಫೋನ್ ಮಾಡಿದ್ರು. ಕಾಲು ಹಿಮ್ಮಡಿಗೆ ಹಚ್ಚಿದ್ರಂತೆ, ಕೈಗಲ್ಲ. ಒಣಗಿದ ಮೇಲೆ ಹಿಡ್ಕೊಂಡಂಗೆ ಆಗ್ತದೆ, ಅದ್ರ ಮೇಲೆ ಕೊಬ್ಬರಿ ಎಣ್ಣೆ ಸವರಿದ್ರೆ ಬಿಗಿ ಹೋಗಿ ಮೆತ್ತಗಿರ್ತದೆ, ಎಣ್ಣೆನೂ ಇದ್ರೊಳಗೇ ಹಾಕ್ಬಿಟ್ರೆ ಎರಡೆರಡು ಸಲ ಹಚ್ಚೋದು ತಪ್ತದೆ ಅಂದ್ರು. ಐದು ಬ್ಯಾಚ್ ಮಾಡಿ ನನಗೆ ಹೊಳೆಯದಿದ್ದನ್ನ ಅತ್ತೆ ಹಿಮ್ಮಡಿಯಲ್ಲಿ ಕಂಡುಹಿಡಿದ್ರು.

ಹಂಗಾಗಿ ಬ್ಯಾಚ್ 6 ಕ್ರೀಮು. ಕೊಬ್ಬರಿ ಎಣ್ಣೆ, ಎಣ್ಣೆ ನೀರು ಬೆರೆಯಂಗೆ ಮಾಡೋ ಎಮಲ್ಸಿಫೈಯಿಂಗ್ ವ್ಯಾಕ್ಸ್, ಅದೇ 2% ರೇಷ್ಮೆ ನೀರು, ಎಣ್ಣೆ ಭಾಗ ನೀರಿನ ಭಾಗ ಎರಡನ್ನೂ 70 ಡಿಗ್ರಿಗೆ ತಂದು ಸೇರಿಸಿ ಮಜ್ಜಿಗೆ ಕಡೆಯೋ ಬ್ಲೆಂಡರಲ್ಲಿ ತಿರುಗಿಸ್ಬೇಕು. ವ್ಯಾಕ್ಸ್ ತಂದಾಗಿದೆ. ಊಜಿ ಗೂಡು ಇನ್ನೂ ಅರ್ಧ ಚೀಲ ಇದೆ, ಈ ಸಲ ಮೊದ್ಲೇ ಒಣಗ್ಸಿಟ್ಟಿದೀನಿ. ಕುಕ್ಕರ್‌ಗೆ ಮಾತ್ರ ಬೀಗ ಬಿದ್ದಿದೆ, ಅಮ್ಮ ಮಾರ್ಕೆಟ್‌ನಿಂದ ಸೆಕೆಂಡ್ ಹ್ಯಾಂಡ್ 3 ಲೀಟರಿಂದು ಒಂದು ತಂದು ಮುಚ್ಚಳದ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ಹುಳ ಅಂತ ಬರೆದು ಬಾಲ್ಕನಿಯಲ್ಲಿಟ್ಟಿದಾರೆ.